ಹತ್ತು ಗುಂಟೆ ಎಂದರೆ ಎಷ್ಟು? ಅಳತೆ ಬರೆಯುವವರಿಗೂ ಅದನ್ನು ನಂಬುವವರಿಗೂ ಒಂದು ಬಹಿರಂಗ ಪತ್ರ

ಚಿಕ್ಕಬಳ್ಳಾಪುರ ಜಿಲ್ಲೆಯ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಭೂಮಾಪನ ಮತ್ತು ಭೂದಾಖಲೆಗಳ ಇಲಾಖೆಯ ಅಧಿಕಾರಿಗಳಿಗೆ, ಪತ್ರಬರಹಗಾರರಿಗೆ, ಹಾಗೂ ಜಮೀನು ಅಳೆಸುವ, ಕೊಳ್ಳುವ, ಪಾಲು ಮಾಡಿಕೊಳ್ಳುವ ಎಲ್ಲರಿಗೆ,

ಮಾನ್ಯರೇ,

ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಕಲಿಸಿ, ಈಗ ಚಿಂತಾಮಣಿ ತಾಲ್ಲೂಕಿನ ನನ್ನ ಊರಿನಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕ ನಾನು. ಪಾಠ ಹೇಳುವುದು ನಿಂತ ಮೇಲೂ ಜನ ಪಹಣಿ, ನಕ್ಷೆ, ಕ್ರಯಪತ್ರಗಳನ್ನು ಹಿಡಿದು ಲೆಕ್ಕ ಕೇಳಲು ಮನೆಗೆ ಬರುತ್ತಾರೆ. ಹಾಗೆ ಬಂದ ಕಾಗದಗಳನ್ನು ನೋಡುತ್ತ ನೋಡುತ್ತ ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ಉದ್ದ ಅಗಲಗಳನ್ನು ಬರೆಯುವಾಗ ನಾವು ಹತ್ತಿರದ ಅಡಿಗೋ ಆಣೆಗೋ (ಹಳೆಯ ಅಳತೆ ಸರಪಳಿಯ ಹದಿನಾರನೆಯ ಒಂದು ಭಾಗ) ಮೀಟರಿಗೋ ತಂದು ಬರೆಯುತ್ತೇವೆ. ಆಡುಮಾತಿನಲ್ಲಿ ಇದನ್ನೇ ರೌಂಡ್ ಮಾಡುವುದು ಎನ್ನುತ್ತೇವೆ. ಹಾಗೆ ಬರೆದ ಅಂಕಿಗಳನ್ನು ಗುಣಿಸಿದಾಗ ಬರುವ ವಿಸ್ತೀರ್ಣ ಒಂದೇ ಒಂದು ಸಂಖ್ಯೆಯಲ್ಲ, ಒಂದು ಕನಿಷ್ಠ ಮತ್ತು ಒಂದು ಗರಿಷ್ಠದ ನಡುವೆ ಅದು ಎಲ್ಲಿ ಬೇಕಾದರೂ ಇರಬಹುದು. ಆ ಕನಿಷ್ಠ ಗರಿಷ್ಠಗಳನ್ನು ನಮ್ಮ ಕಾಗದಗಳಲ್ಲಿ ಯಾರೂ ಬರೆಯುವುದಿಲ್ಲ. ಬರೆಯದೆ ಇರುವುದರಿಂದ ತಪ್ಪೇ ಇಲ್ಲದ ಕಡೆ ತಪ್ಪು ಕಾಣಿಸುತ್ತದೆ, ಮತ್ತು ಅಣ್ಣತಮ್ಮಂದಿರು ಮಾತು ಬಿಡುತ್ತಾರೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ಊರು, ಹೆಸರು ಹೇಳುವುದಿಲ್ಲ. ಪಕ್ಕದ ಹಳ್ಳಿಯ ಇಬ್ಬರು ದಾಯಾದಿಗಳಿಗೆ ಹಿಪ್ಪುನೇರಳೆ ತೋಟದಲ್ಲಿ ಅಕ್ಕಪಕ್ಕದ ಎರಡು ಪಟ್ಟಿಗಳಿವೆ. ಅವರಲ್ಲಿ ಒಬ್ಬರ ಪಟ್ಟಿ ಹಳೆಯ ಅಳತೆಯ ಹಾಳೆಯಲ್ಲಿ 16 ಆಣೆ ಅಗಲ, 160 ಆಣೆ ಉದ್ದ ಎಂದಿದೆ, ವಿಸ್ತೀರ್ಣ 10 ಗುಂಟೆ. ಪಕ್ಕದವರು ಕಲ್ಲುಕೂಚ ನೆಟ್ಟು ತಂತಿ ಎಳೆಸಿದಾಗ ಇವರಿಗೆ ಅನುಮಾನ ಬಂದು ಹೊಸದಾಗಿ ಅಳೆಸಿದರು. ಅಗಲ 32 ಅಡಿ 3 ಅಂಗುಲ, ಉದ್ದ 329 ಅಡಿ 6 ಅಂಗುಲ ಬಂತು. ಗುಣಿಸಿದರೆ ಸುಮಾರು 10,626 ಚದರಡಿ, ಅಂದರೆ 9 ಗುಂಟೆ 12 ಆಣೆ (ವಿಸ್ತೀರ್ಣದ ಆಣೆ ಎಂದರೆ ಗುಂಟೆಯ ಹದಿನಾರನೆಯ ಒಂದು ಭಾಗ). “ಮೇಷ್ಟ್ರೇ, ಉದ್ದಕ್ಕೂ ಮುಕ್ಕಾಲು ಅಡಿ ಒತ್ತಿದ್ದಾರೆ, ನಾಲ್ಕಾಣೆ ಜಾಗ ಹೋಯ್ತು” ಎಂದು ಅವರು ನನ್ನ ಮುಂದೆ ಕಾಗದ ಹರಡಿದಾಗ ಅವರ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ವಕೀಲರ ನೋಟಿಸು ಹೋಗಿಯಾಗಿತ್ತು.

ಈಗ ಲೆಕ್ಕವನ್ನು ನೋಡೋಣ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಪದ್ಧತಿಯ ಕಂದಾಯ ಭೂಮಾಪನ ಆರಂಭವಾದ ಮೇಲೆ ನಮ್ಮ ಕಡೆ ಬಳಕೆಗೆ ಬಂದದ್ದು 33 ಅಡಿಯ ಸರಪಳಿ. ಅದಕ್ಕೆ 16 ಭಾಗ. ಒಂದೊಂದು ಭಾಗ ಒಂದು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, 1,089 ಚದರಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಇದು ಬಹಳ ಚೊಕ್ಕವಾದ ವ್ಯವಸ್ಥೆ, ಏಕೆಂದರೆ ಉದ್ದದ ಆಣೆಗಳನ್ನು ಅಗಲದ ಆಣೆಗಳಿಂದ ಗುಣಿಸಿ 256ರಿಂದ ಭಾಗಿಸಿದರೆ ಗುಂಟೆ ಸಿಗುತ್ತದೆ. ಹೊಲದಲ್ಲಿ ನಿಂತೇ ಈ ಲೆಕ್ಕ ಮಾಡಬಹುದಿತ್ತು. ಆದರೆ ಉದ್ದದ ಒಂದು ಆಣೆ ಎಂದರೆ 2 ಅಡಿಗಿಂತ ಮುಕ್ಕಾಲು ಅಂಗುಲ ಹೆಚ್ಚು. ಆ ಹಾಳೆಯಲ್ಲಿ ಎಲ್ಲ ಅಳತೆಗಳೂ ಪೂರ್ತಿ ಆಣೆಯಲ್ಲಿವೆ, ಅರ್ಧ ಕಾಲು ಎಲ್ಲಿಯೂ ಇಲ್ಲ. ಹತ್ತಿರದ ಆಣೆಗೆ ತಂದು ಬರೆದಿದ್ದರೆ 16 ಆಣೆ ಎಂಬುದರ ಅರ್ಥ ಹದಿನೈದೂವರೆಯಿಂದ ಹದಿನಾರೂವರೆ ಆಣೆಯವರೆಗೆ ಯಾವುದಾದರೂ ಆಗಬಹುದು ಎಂದು. ಅಡಿಯಲ್ಲಿ ಹೇಳುವುದಾದರೆ 32 ಅಡಿಗೆ ಸ್ವಲ್ಪ ಕಡಿಮೆಯಿಂದ 34 ಅಡಿಗೆ ಸ್ವಲ್ಪ ಹೆಚ್ಚಿನವರೆಗೆ. ಹೊಸದಾಗಿ ಬಂದ 32 ಅಡಿ 3 ಅಂಗುಲ ಇದರೊಳಗೇ ಇದೆ. 160 ಆಣೆಯ ಉದ್ದಕ್ಕೂ ಇದೇ ಮಾತು.

ವಿಸ್ತೀರ್ಣ ಎಷ್ಟಿರಬಹುದು ಎಂದು ಕೇಳಿದರೆ, 15½ರಿಂದ 159½ನ್ನು ಗುಣಿಸಬೇಕು, ಅದು ಕನಿಷ್ಠ; 16½ರಿಂದ 160½ನ್ನು ಗುಣಿಸಬೇಕು, ಅದು ಗರಿಷ್ಠ. ಕನಿಷ್ಠ 9 ಗುಂಟೆ 10½ ಆಣೆ, ಗರಿಷ್ಠ 10 ಗುಂಟೆ 5½ ಆಣೆ. ನಡುವಿನ ಅಂತರ 11 ಆಣೆ, ಅಂದರೆ ಸುಮಾರು 749 ಚದರಡಿ. ಇಲ್ಲಿ ಆಣೆ ಎಂದರೆ ಗುಂಟೆಯ ಹದಿನಾರನೆಯ ಒಂದು ಭಾಗ; ಉದ್ದಕ್ಕೂ ವಿಸ್ತೀರ್ಣಕ್ಕೂ ಒಂದೇ ಹೆಸರಿರುವುದು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಆ ರೈತರ 9 ಗುಂಟೆ 12 ಆಣೆ ಈ ಎರಡು ಮಿತಿಗಳ ನಡುವೆ ನೆಮ್ಮದಿಯಾಗಿ ಕೂರುತ್ತದೆ. ಅಂದು ಸರಪಳಿ ಹಿಡಿದವರೂ ತಪ್ಪಿಲ್ಲ, ಇಂದು ಅಳೆದವರೂ ತಪ್ಪಿಲ್ಲ, ಪಕ್ಕದವರು ಒತ್ತಿದರು ಎನ್ನಲು ಈ ಅಂಕಿಗಳಲ್ಲಿ ಯಾವ ಆಧಾರವೂ ಇಲ್ಲ. ಹಳೆಯ ಹಾಳೆ ಆ ಮುಕ್ಕಾಲು ಅಡಿಯ ಬಗ್ಗೆ ಏನನ್ನೂ ಹೇಳಿಯೇ ಇರಲಿಲ್ಲ.

ಇದನ್ನು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು: “ಹಾಗಾದರೆ ಹಾಳೆಯಲ್ಲಿ 10 ಗುಂಟೆ ಎಂದು ಏಕೆ ಬರೆದರು?” ನನ್ನ ಈ ಪತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ.

ಆಕಾರಕ್ಕೂ ಈ ಅನಿಶ್ಚಿತತೆಗೂ ಇರುವ ಸಂಬಂಧವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಪಟ್ಟಿ ಪಟ್ಟಿಯಾಗಿ ಪಾಲು ಮಾಡುವ ನಮ್ಮ ಪದ್ಧತಿಯಲ್ಲಿ ಇದರ ಪೆಟ್ಟು ಹೆಚ್ಚು. ಆಯತಾಕಾರದ ಜಾಗದಲ್ಲಿ ಉದ್ದವನ್ನೂ ಅಗಲವನ್ನೂ ಕೂಡಿ, ಯಾವ ಅಳತೆಗೆ ತಂದು ಬರೆದಿದ್ದೇವೋ ಅದರಿಂದ ಗುಣಿಸಿದರೆ ಕನಿಷ್ಠಕ್ಕೂ ಗರಿಷ್ಠಕ್ಕೂ ಇರುವ ಅಂತರ ನೇರವಾಗಿ ಸಿಗುತ್ತದೆ. ಮೇಲಿನ ಪಟ್ಟಿಯಲ್ಲಿ 16 ಮತ್ತು 160 ಸೇರಿ 176 ಚದರ ಆಣೆ. ಗುಂಟೆಯ ಆಣೆಯೊಂದಕ್ಕೆ 16 ಚದರ ಆಣೆಯಂತೆ 11 ಆಣೆ. ಸರಿಸುಮಾರು ಅಷ್ಟೇ ವಿಸ್ತೀರ್ಣದ ಜಾಗ 50 ಆಣೆಗೆ 51 ಆಣೆಯ ಚೌಕದಂತಿದ್ದರೆ ಅಂತರ 101 ಚದರ ಆಣೆ, ಅಂದರೆ ಆರು ಆಣೆ ಚಿಲ್ಲರೆ ಮಾತ್ರ. ಅನಿಶ್ಚಿತತೆ ಹುಟ್ಟುವುದು ಅಂಚಿನಲ್ಲಿ. ಅಂಚು ಉದ್ದವಾದಷ್ಟೂ ಅದು ಬೆಳೆಯುತ್ತದೆ. ನಾಲ್ಕು ಮಕ್ಕಳಿಗೆ ನಾಲ್ಕು ಉದ್ದ ಪಟ್ಟಿ ಸೀಳುವ ಬದಲು ನಾಲ್ಕು ಚೌಕ ಮಾಡಿ ಎಂದು ನಾನು ಹೇಳುತ್ತಿಲ್ಲ. ನೀರಿನ ಕಾಲುವೆ, ಬಂಡಿದಾರಿ ಎಲ್ಲರಿಗೂ ತಾಗಬೇಕೆಂಬ ಕಾರಣಕ್ಕೆ ಹಿರಿಯರು ಪಟ್ಟಿ ಸೀಳಿದರು, ಅದು ಸರಿಯಾದ ಕಾರಣ. ಆದರೆ ಪಟ್ಟಿ ಸೀಳುವುದಾದರೆ ಅಗಲವನ್ನು ಅಂಗುಲದವರೆಗೆ ಬರೆಯಲೇಬೇಕು. 33 ಅಡಿಗೆ 330 ಅಡಿಯ ಇದೇ ಪಟ್ಟಿಯನ್ನು ಹತ್ತಿರದ ಅಂಗುಲಕ್ಕೆ ಬರೆದಿದ್ದರೆ ಅಂತರ 749 ಚದರಡಿಯಿಂದ ಸುಮಾರು 30 ಚದರಡಿಗೆ ಇಳಿಯುತ್ತಿತ್ತು. 30 ಚದರಡಿಗೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ ಎಂದು ನಾನು ನಂಬುತ್ತೇನೆ.

ಹತ್ತಿರದ ಅಂಕಿಗೆ ತರುವುದು ಒಂದು ರೀತಿ. ಚಿಲ್ಲರೆಯನ್ನು ಬಿಟ್ಟು ಕೆಳಗಿನ ಅಂಕಿಯನ್ನೇ ಬರೆಯುವುದು ಇನ್ನೊಂದು ರೀತಿ. ಹಾಗೆ ಬಿಟ್ಟು ಬರೆದಿದ್ದರೆ 16 ಎಂಬುದು 16ರಿಂದ 17ರವರೆಗೆ, 160 ಎಂಬುದು 160ರಿಂದ 161ರವರೆಗೆ ಆಗುತ್ತದೆ. ಆಗ ಅದೇ ಪಟ್ಟಿ 10 ಗುಂಟೆಯಿಂದ 10 ಗುಂಟೆ 11 ಆಣೆಯವರೆಗೆ ಇರಬಹುದು, ಮತ್ತು 9 ಗುಂಟೆ 12 ಆಣೆ ನಿಜಕ್ಕೂ ಕೊರತೆಯೇ ಆಗುತ್ತದೆ. ಅಂಕಿಗಳು ಅವೇ, ತೀರ್ಮಾನ ಮಾತ್ರ ತಿರುವುಮುರುವು. ಆದ್ದರಿಂದ ಅಂಕಿಯ ಜೊತೆಗೆ ಅದನ್ನು ಯಾವ ನಿಯಮದಿಂದ ಬರೆದರು ಎಂಬುದೂ ಹಾಳೆಯಲ್ಲಿ ಇರಬೇಕು. ನಾನು ನೋಡಿದ ಯಾವ ಹಾಳೆಯಲ್ಲಿಯೂ ಅದು ಇರಲಿಲ್ಲ.

ನಿವೇಶನಗಳ ವಿಷಯದಲ್ಲಿ ಲೆಕ್ಕ ಸಣ್ಣದು, ಹಣ ದೊಡ್ಡದು. 30ಕ್ಕೆ 40 ಎಂದು ಹತ್ತಿರದ ಅಡಿಗೆ ಬರೆದ ನಿವೇಶನ 1,165 ಚದರಡಿಯೂ ಇರಬಹುದು, 1,235 ಚದರಡಿಯೂ ಇರಬಹುದು. 70 ಚದರಡಿ ಎಂದರೆ 7ಕ್ಕೆ 10ರ ಒಂದು ಅಡುಗೆಮನೆ; ಚದರಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೂ 1,40,000 ರೂಪಾಯಿ. ಇದೇ ನಿವೇಶನವನ್ನು 9 ಮೀಟರಿಗೆ 12 ಮೀಟರ್ ಎಂದು ಬರೆಯುವುದುಂಟು. 30 ಅಡಿ ಎಂದರೆ 9.144 ಮೀಟರ್, 40 ಅಡಿ ಎಂದರೆ 12.192 ಮೀಟರ್. 9ನ್ನು 12ರಿಂದ ಗುಣಿಸಿದರೆ 108 ಚದರ ಮೀಟರ್, ಅದು 1,162½ ಚದರಡಿ. ಆ 9 ಮತ್ತು 12 ನಿಖರವಾದ ಅಳತೆಗಳಾದರೆ ಕೊಳ್ಳುವವರಿಗೆ ಸಿಗುವುದು 1,200 ಅಲ್ಲ, 1,162½. ಅವು ಹತ್ತಿರದ ಮೀಟರಿಗೆ ತಂದ ಅಂಕಿಗಳಾದರೆ ಜಾಗ 97.75ರಿಂದ 118.75 ಚದರ ಮೀಟರಿನವರೆಗೆ ಎಷ್ಟಾದರೂ ಇರಬಹುದು. ಕ್ರಯಪತ್ರದ ಷೆಡ್ಯೂಲಿನಲ್ಲಿಯೂ ಇ-ಸ್ವತ್ತು ನಮೂನೆಯಲ್ಲಿಯೂ 9 ಎಂದು ಬರೆದದ್ದು ಯಾವ 9 ಎಂದು ತಿಳಿಯಲು ಒಂದು ಸುಲಭವಾದ ಉಪಾಯವಿದೆ. 9.00 ಎಂದು ಬರೆದರೆ ಸೆಂಟಿಮೀಟರಿನವರೆಗೆ ಅಳೆದಿದ್ದೇವೆ ಎಂದೂ, ಬರಿಯ 9 ಎಂದರೆ ಮೀಟರಿಗೆ ಮಾತ್ರ ಎಂದೂ ಎಲ್ಲರೂ ಒಪ್ಪಿಕೊಂಡರೆ ಸಾಕು. ದಶಮಾಂಶದ ಮುಂದಿನ ಸೊನ್ನೆಗೆ ಬೆಲೆಯಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ; ಶುದ್ಧ ಸಂಖ್ಯೆಯಲ್ಲಿ ಅದು ಸರಿ, ಅಳತೆಯಲ್ಲಿ ಆ ಸೊನ್ನೆಗೆ ಬಹಳ ಬೆಲೆಯಿದೆ.

ಒಂದು ಗುಂಟೆಯನ್ನು ಸಲೀಸಾಗಿ 100 ಚದರ ಮೀಟರ್ ಎನ್ನುವ ರೂಢಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಗುಂಟೆ 101.17 ಚದರ ಮೀಟರ್. ಎಕರೆಯೊಂದಕ್ಕೆ ಈ ರೂಢಿಯಿಂದ ಸುಮಾರು 47 ಚದರ ಮೀಟರ್, ಹತ್ತಿರ ಹತ್ತಿರ ಅರ್ಧ ಗುಂಟೆ, ಲೆಕ್ಕದಿಂದಲೇ ಮಾಯವಾಗುತ್ತದೆ.

ಈಗ ನನ್ನ ಮನಸ್ಸಿಗೆ ಅತ್ಯಂತ ಗಂಭೀರವೆನಿಸುವ ಆಕಾರಕ್ಕೆ ಬರುತ್ತೇನೆ, ತ್ರಿಭುಜಕ್ಕೆ. ಹೆದ್ದಾರಿಯೋ ರೈಲು ಹಾದಿಯೋ ಕಾಲುವೆಯೋ ಹೊಲವನ್ನು ಓರೆಯಾಗಿ ದಾಟಿದಾಗ ರೈತರ ಪಾಲಿಗೆ ಉಳಿಯುವುದು, ಇಲ್ಲವೇ ಪರಿಹಾರಕ್ಕೆ ಹೋಗುವುದು, ಅನೇಕ ಬಾರಿ ಚೂಪಾದ ಮೂಲೆ ತುಂಡು. ಬೆಂಗಳೂರಿನಿಂದ ಬಾಗೇಪಲ್ಲಿಯ ಕಡೆಗೆ ಹೋಗುವ ದಾರಿಯ ಇಕ್ಕೆಲದಲ್ಲಿ ಇಂಥ ತುಂಡುಗಳನ್ನು ಬಸ್ಸಿನ ಕಿಟಕಿಯಿಂದಲೇ ಕಾಣಬಹುದು. ಅಂಥ ಒಂದು ತುಂಡಿನ ಮೂರು ಬಾಹುಗಳು ಹತ್ತಿರದ ಮೀಟರಿಗೆ 50, 51 ಮತ್ತು 100 ಎಂದಿಟ್ಟುಕೊಳ್ಳಿ. ಮೂರು ಬಾಹುಗಳಿಂದ ವಿಸ್ತೀರ್ಣ ತೆಗೆಯುವ ಸೂತ್ರವನ್ನು ಒಂಬತ್ತನೆಯ ತರಗತಿಯ ಮಕ್ಕಳೂ ಬಲ್ಲರು. ಅದರಂತೆ ಉತ್ತರ 354 ಚದರ ಮೀಟರ್, ಮೂರೂವರೆ ಗುಂಟೆ.

ಇದರ ಕನಿಷ್ಠ ಗರಿಷ್ಠ ಎಷ್ಟು? ಆಯತದ ಅಭ್ಯಾಸದಿಂದ ನಾವು ಮೂರೂ ಬಾಹುಗಳನ್ನು ಅರ್ಧ ಮೀಟರ್ ಕಡಿಮೆ ಮಾಡಿ ಒಮ್ಮೆ, ಅರ್ಧ ಮೀಟರ್ ಹೆಚ್ಚಿಸಿ ಒಮ್ಮೆ ಲೆಕ್ಕ ಹಾಕುತ್ತೇವೆ. ಆಗ 248 ಮತ್ತು 438 ಬರುತ್ತದೆ. ಇದೇ ಮಿತಿ ಎಂದು ನಾನೂ ಮೊದಲ ಸಲ ಬರೆದುಕೊಂಡೆ, ಅದು ಸರಿಯಲ್ಲ. ತೆಳುವಾದ ತ್ರಿಭುಜದಲ್ಲಿ ಉದ್ದದ ಬಾಹು ಕಡಿಮೆಯಾದರೆ ವಿಸ್ತೀರ್ಣ ಹೆಚ್ಚುತ್ತದೆ: ಎರಡು ಕೋಲುಗಳನ್ನು ತುದಿಯಲ್ಲಿ ಜೋಡಿಸಿ ನೆಲದ ಮೇಲಿಟ್ಟು ಪಾದಗಳನ್ನು ಹತ್ತಿರ ತಂದರೆ ನೆತ್ತಿ ಮೇಲೇಳುವ ಹಾಗೆ. 50½, 51½ ಮತ್ತು 99½ ತೆಗೆದುಕೊಂಡರೆ ವಿಸ್ತೀರ್ಣ 558 ಚದರ ಮೀಟರ್, ಐದೂವರೆ ಗುಂಟೆ. ಇನ್ನೊಂದು ತುದಿಯಲ್ಲಿ 49½, 50½ ಮತ್ತು 100½ ತೆಗೆದುಕೊಂಡರೆ ಎರಡು ಸಣ್ಣ ಬಾಹುಗಳು ಸೇರಿದರೂ ದೊಡ್ಡದನ್ನು ಮುಟ್ಟುವುದಿಲ್ಲ, ತ್ರಿಭುಜವೇ ಆಗುವುದಿಲ್ಲ. ಅಂದರೆ ಈ ಮೂರು ಅಂಕಿಗಳಿಗೆ ಹೊಂದುವ ವಿಸ್ತೀರ್ಣ ಸೊನ್ನೆಗೆ ಎಷ್ಟು ಹತ್ತಿರ ಬೇಕಾದರೂ ಹೋಗಬಹುದು, ಐದೂವರೆ ಗುಂಟೆಯವರೆಗೂ ಏರಬಹುದು. ಮೂರೂವರೆ ಗುಂಟೆ ಎಂದು ಬರೆದು, ಅದರ ಮೇಲೆ ಪರಿಹಾರ ಕಟ್ಟಿದರೆ, ಕೊಟ್ಟವರಿಗೂ ಪಡೆದವರಿಗೂ ತಾವು ಎಷ್ಟರ ಮೇಲೆ ವ್ಯವಹಾರ ಮಾಡಿದೆವು ಎಂಬುದು ಗೊತ್ತಿರುವುದಿಲ್ಲ.

ಇದಕ್ಕೆ ಪರಿಹಾರ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. ಅದೇ ಟೇಪಿನಿಂದ, ಅದೇ ಮೀಟರಿಗೆ ತಂದು ಬರೆಯುವ ಒರಟುತನದಿಂದಲೇ, ಉದ್ದದ ಬಾಹುವಿನಿಂದ ಎದುರು ಮೂಲೆಗೆ ಲಂಬ ಅಳತೆ ತೆಗೆದುಕೊಂಡರೆ ಸಾಕು. ಲಂಬ 7 ಮೀಟರ್ ಬಂತೆಂದರೆ ವಿಸ್ತೀರ್ಣ 323ರಿಂದ 377 ಚದರ ಮೀಟರಿನೊಳಗೆ ಖಚಿತ. ಸೊನ್ನೆಯಿಂದ 558ರವರೆಗೆ ಹರಡಿದ್ದ ಅನುಮಾನ 54 ಚದರ ಮೀಟರಿಗೆ ಕುಗ್ಗಿತು. ಅನುಭವಿ ಭೂಮಾಪಕರಿಗೆ ಇದು ಹೊಸ ಮಾತಲ್ಲ. ತ್ರಿಭುಜದ ಯಾವ ಕೋನವೂ 30 ಡಿಗ್ರಿಗಿಂತ ಕಡಿಮೆಯಾಗದಂತೆ ಗೆರೆಗಳನ್ನು ಆರಿಸಬೇಕು ಎಂದು ಸರಪಳಿ ಮಾಪನದ ಪಾಠದಲ್ಲಿಯೇ ಕಲಿಸುತ್ತಾರೆ. ಆದರೆ ಜಮೀನಿನ ಮಾಲೀಕರು ತಾವೇ ಟೇಪು ಹಿಡಿದು ಮೂರು ಬಾಹು ಅಳೆದು, ಮೊಬೈಲಿನಲ್ಲಿ ಸೂತ್ರ ಹಾಕಿ, ಅಧಿಕೃತ ನಕ್ಷೆಯ ಅಂಕಿಯೊಂದಿಗೆ ಜಗಳಕ್ಕೆ ನಿಲ್ಲುತ್ತಾರೆ. ಲಂಬ ಅಳತೆ ನಕ್ಷೆಯ ಮೇಲೆಯೇ ಬರೆದಿದ್ದರೆ ಅವರಿಗೆ ಎಲ್ಲಿ ಅಳೆಯಬೇಕೆಂಬುದು ತಿಳಿಯುತ್ತಿತ್ತು.

ನಾಲ್ಕು ಬದಿಯ ಓರೆ ಹೊಲಗಳಲ್ಲಿ ಇನ್ನೊಂದು ಹಳೆಯ ರೂಢಿ ಸೇರಿಕೊಳ್ಳುತ್ತದೆ: ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವುದು. ಪೂರ್ವಕ್ಕೆ 100, ಪಶ್ಚಿಮಕ್ಕೆ 140, ಉತ್ತರಕ್ಕೆ 60, ದಕ್ಷಿಣಕ್ಕೆ 80 ಅಡಿ ಇದ್ದರೆ 120ನ್ನು 70ರಿಂದ ಗುಣಿಸಿ 8,400 ಚದರಡಿ ಎನ್ನುತ್ತಾರೆ. ಈ ನಾಲ್ಕು ಬದಿಗಳಿಂದ ಯಾವ ಆಕಾರ ಕಟ್ಟಿದರೂ ಅಷ್ಟು ವಿಸ್ತೀರ್ಣ ಬರುವುದು ಸಾಧ್ಯವೇ ಇಲ್ಲ. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಕೂರುವಂತಿದ್ದಾಗ ಬರುವುದೇ ಅತಿ ಹೆಚ್ಚು, ಅದು ಸುಮಾರು 8,022 ಚದರಡಿ. ಅದಕ್ಕೆ ಸೂತ್ರವನ್ನು 628ರಲ್ಲಿಯೇ ಬ್ರಹ್ಮಗುಪ್ತ ಕೊಟ್ಟಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ನಮ್ಮ ಈ ಕನ್ನಡ ನೆಲದಲ್ಲಿ, ಮಹಾವೀರಾಚಾರ್ಯರು ಕ್ಷೇತ್ರಫಲವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡಾಗಿ ಬೇರ್ಪಡಿಸಿ ಹೇಳಿದರು. ಅಂದಾಜಿನ ಲೆಕ್ಕವನ್ನು ಅಂದಾಜು ಎಂದು ಹೆಸರಿಟ್ಟೇ ಕರೆದರು. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಪ್ರಾಮಾಣಿಕತೆ ನಮ್ಮ ಕ್ರಯಪತ್ರಗಳಲ್ಲಿಯೂ ಇರಬೇಕು ಎಂಬುದೇ ನನ್ನ ಬೇಡಿಕೆ. ಮನೆ ಕಟ್ಟುವ ಗಾರೆ ಮೇಸ್ತ್ರಿ ನಾಲ್ಕು ಬದಿ ಅಳೆದು ಸುಮ್ಮನಾಗುವುದಿಲ್ಲ, ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿಯೇ ಪಾಯ ಅಗೆಸುತ್ತಾರೆ. ನಾಲ್ಕು ಬದಿಯ ಜೊತೆಗೆ ಒಂದು ಕರ್ಣದ ಅಳತೆಯನ್ನೂ ಬರೆದರೆ ಆಕಾರ ನಿಲ್ಲುತ್ತದೆ. ಆಮೇಲೆ ಉಳಿಯುವುದು ಹತ್ತಿರದ ಅಂಕಿಗೆ ತಂದದ್ದರಿಂದ ಬರುವ ವ್ಯತ್ಯಾಸ ಮಾತ್ರ.

ಈ ವಿಷಯವನ್ನು ಈಗಲೇ ಎತ್ತಲು ಕಾರಣವಿದೆ. ಉಪಗ್ರಹದ ಸಂಕೇತ ಹಿಡಿದು ಅಳೆಯುವ ರೋವರ್ ಯಂತ್ರಗಳಿಂದ, ಡ್ರೋನ್ ಚಿತ್ರಗಳಿಂದ ಅಳೆಯುವ ಕಾಲ ಬಂದಿದೆ. ಇದು ಸ್ವಾಗತಾರ್ಹ. ಆದರೆ ಸೆಂಟಿಮೀಟರುಗಳಲ್ಲಿ ಮಾತನಾಡುವ ಹೊಸ ನಕ್ಷೆಯನ್ನು ಆಣೆಗಳಲ್ಲಿ ಮಾತನಾಡಿದ ಹಳೆಯ ಹಾಳೆಯ ಪಕ್ಕದಲ್ಲಿ ಇಟ್ಟಾಗ ಎರಡರ ವಿಸ್ತೀರ್ಣ ಕೂಡಿಬರುವುದೇ ಅಪರೂಪ. ಪ್ರತಿಯೊಂದು ವ್ಯತ್ಯಾಸವನ್ನೂ ಒತ್ತುವರಿ ಎಂದು ಓದಿದರೆ ಊರೂರಿನಲ್ಲಿ ಬೆಂಕಿ ಬೀಳುತ್ತದೆ. ಕಂಪ್ಯೂಟರು ದಶಮಾಂಶದ ಮುಂದೆ ನಾಲ್ಕು ಸ್ಥಾನಗಳನ್ನು ಅಚ್ಚು ಹಾಕುತ್ತದೆ ಎಂಬ ಕಾರಣಕ್ಕೆ ಅವು ನಾಲ್ಕೂ ನಿಜವಾಗುವುದಿಲ್ಲ. ಆಣೆಯಲ್ಲಿ ಬರೆದದ್ದನ್ನು ಮೀಟರಿಗೆ ಪರಿವರ್ತಿಸಿದರೆ ಅಂಕಿ ಉದ್ದವಾಗುತ್ತದೆಯೇ ಹೊರತು ಅಳತೆ ಸೂಕ್ಷ್ಮವಾಗುವುದಿಲ್ಲ. ಮೊಬೈಲು ಹಿಡಿದು ಹೊಲದ ಸುತ್ತ ನಡೆದು ವಿಸ್ತೀರ್ಣ ತೆಗೆಯುವವರಿಗೂ ಇದೇ ಮಾತು. ಬಯಲಿನಲ್ಲಿಯೂ ಕೆಲವು ಮೀಟರ್ ಆಚೀಚೆ ತೋರಿಸುವ ಉಪಕರಣದಿಂದ 10 ಮೀಟರ್ ಅಗಲದ ಪಟ್ಟಿಯನ್ನು ಅಳೆದು ಪಕ್ಕದವರ ಮೇಲೆ ಆರೋಪ ಹೊರಿಸುವುದು ಅನ್ಯಾಯ.

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೀಗೆ ಕನಿಷ್ಠ ಗರಿಷ್ಠ ಎಂದು ಬರೆದುಕೊಟ್ಟರೆ, ಮಿತಿಯೊಳಗೇ ಇದೆಯಲ್ಲ ಎಂದು ಹೇಳಿ ವರ್ಷಕ್ಕೊಂದು ಅಂಗುಲ ಬೇಲಿ ಸರಿಸುವವರಿಗೆ ರಹದಾರಿ ಕೊಟ್ಟಂತಾಗುವುದಿಲ್ಲವೇ ಎಂದು ಊರಿನ ಹಿರಿಯರೊಬ್ಬರು ಕೇಳಿದರು. ನಾನು ಬಹಳ ದಿನ ಯೋಚಿಸಿದೆ. ಆ ಮಿತಿ ಹೇಳುವುದು ಹಾಳೆಗೆ ಎಷ್ಟು ಗೊತ್ತು ಎಂಬುದನ್ನು ಮಾತ್ರ. ಜಮೀನಿಗೆ ಒಂದೇ ಗಡಿ, ಒಂದೇ ವಿಸ್ತೀರ್ಣ. ಅದು ಬಾಂದು ಕಲ್ಲಿನಲ್ಲಿ, ಬದುವಿನಲ್ಲಿ, ಹಳೆಯ ಬೇವಿನ ಮರದಲ್ಲಿ ಇದೆ. ಬಾಂದು ಕಲ್ಲು ಇರುವಲ್ಲಿ ಗುಂಟೆಯ ಲೆಕ್ಕ ಹಿಡಿದು ಕಲ್ಲನ್ನು ಸರಿಸಲಾಗದು. ಚಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿಗಳ ವಿವರಕ್ಕೂ) ಬರೆದ ವಿಸ್ತೀರ್ಣಕ್ಕೂ ಹೊಂದಾಣಿಕೆಯಾಗದಿದ್ದಾಗ ಸಾಮಾನ್ಯವಾಗಿ ಚಕ್ಕುಬಂದಿಗೇ ಮಾನ್ಯತೆ ಎಂಬುದು ನ್ಯಾಯಾಲಯಗಳಲ್ಲಿ ನೆಲೆಗೊಂಡ ತತ್ತ್ವ. ಕನಿಷ್ಠ ಗರಿಷ್ಠಗಳನ್ನು ಬರೆಯುವುದರಿಂದ ಆ ತತ್ತ್ವಕ್ಕೆ ಬಲ ಬರುತ್ತದೆ, ಏಕೆಂದರೆ ಅಂಕಿ ಹೇಳಲಾರದ್ದನ್ನು ಕಲ್ಲು ಹೇಳಬೇಕು ಎಂಬುದು ಆಗ ಎಲ್ಲರಿಗೂ ಕಣ್ಣಿಗೆ ಕಟ್ಟುತ್ತದೆ. ಎರಡೂ ಬದಿಗಳು ಒಟ್ಟಿಗೆ ತುದಿಗೆ ಹೋಗುವುದು ಅಪರೂಪ, ನಿಜವಾದ ವಿಸ್ತೀರ್ಣ ಹೆಚ್ಚಾಗಿ ನಡುವಿನ ಆಸುಪಾಸಿನಲ್ಲಿಯೇ ಇರುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಕೈಜಾರಿ ಆದ ತಪ್ಪು, ಸವೆದು ಉದ್ದವಾದ ಸರಪಳಿಯ ತಪ್ಪು, ಬೇಕೆಂದೇ ಮಾಡಿದ ತಪ್ಪು ಇವೆಲ್ಲ ಬೇರೆ. ಅವಕ್ಕೆ ಈ ಮಿತಿಯ ಆಶ್ರಯ ಸಿಗಬಾರದು.

ಪಾಲು ಮಾಡುವಾಗ ಇನ್ನೊಂದು ಎಚ್ಚರ ಬೇಕು. ಹತ್ತು ಪಟ್ಟಿಗಳನ್ನು ಒಂದೊಂದಾಗಿ 16 ಆಣೆ ಎಂದು ಬರೆದು, ಒಟ್ಟು ಅಗಲ 160 ಆಣೆ ಎಂದು ಕೂಡಿ ಬರೆದರೆ, ಆ 160ರಲ್ಲಿ ಹತ್ತು ಪಟ್ಟಿಗಳ ಅರ್ಧ ಅರ್ಧ ಆಣೆ ಸೇರಿ 5 ಆಣೆಯವರೆಗೆ, ಅಂದರೆ 10 ಅಡಿಗೂ ಮಿಕ್ಕಿ, ಹೆಚ್ಚುಕಡಿಮೆ ಇರಬಹುದು. ಒಟ್ಟು ಅಗಲವನ್ನು ಒಂದೇ ಸಲ ಅಳೆದು 160 ಎಂದು ಬರೆದಿದ್ದರೆ ಹೆಚ್ಚುಕಡಿಮೆ ಅರ್ಧ ಆಣೆ ಮಾತ್ರ. ಮೊದಲಿನವರಿಂದ ಒಬ್ಬೊಬ್ಬರಿಗೆ ನಿಖರವಾಗಿ 33 ಅಡಿ ಕೊಡುತ್ತ ಹೋದರೆ ಎಲ್ಲರ ಕೊರತೆಯೂ ಕೊನೆಯ ಪಟ್ಟಿಯವರ ಮೇಲೆ ಬೀಳುತ್ತದೆ, ಮತ್ತು ಕೊನೆಯ ಪಟ್ಟಿ ಬಹಳ ಕಡೆ ಮನೆಯ ಅತಿ ದುರ್ಬಲರದ್ದೇ ಆಗಿರುವುದನ್ನು ನಾನು ನೋಡಿದ್ದೇನೆ. 1 ಎಕರೆ 10 ಗುಂಟೆಯನ್ನು ಮೂವರಿಗೆ ಹಂಚಿ ತಲಾ 17 ಗುಂಟೆ ಎಂದು ಬರೆದ ಪಾಲುಪಟ್ಟಿಯೂ ನನ್ನ ಬಳಿಗೆ ಬಂದಿತ್ತು. ಕೂಡಿದರೆ 51, ಇರುವುದು 50. ಇಬ್ಬರಿಗೆ 16 ಗುಂಟೆ 11 ಆಣೆ, ಒಬ್ಬರಿಗೆ 16 ಗುಂಟೆ 10 ಆಣೆ ಎಂದು ಬರೆದಿದ್ದರೆ ಮುಗಿಯುತ್ತಿತ್ತು.

ಆದ್ದರಿಂದ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಗಡಿ ಗುರುತಿಸುವ ಹದ್ದುಬಸ್ತು ನಕ್ಷೆಯಿರಲಿ, ಜಮೀನನ್ನು ಬೇರ್ಪಡಿಸುವ ಪೋಡಿ ನಕ್ಷೆಯಿರಲಿ, ಅದರ ಕೆಳಗೆ ಒಂದು ಸಾಲು ಸೇರಿಸಿ: ಅಳತೆಗಳನ್ನು ಯಾವ ಘಟಕಕ್ಕೆ ತಂದು ಬರೆಯಲಾಗಿದೆ, ಹತ್ತಿರದ ಅಂಕಿಗೋ ಕೆಳಗಿನ ಅಂಕಿಗೋ. ವಿಸ್ತೀರ್ಣದ ಪಕ್ಕದಲ್ಲಿ ಅದರ ಕನಿಷ್ಠವನ್ನೂ ಗರಿಷ್ಠವನ್ನೂ ನಮೂದಿಸಿ. ಲೆಕ್ಕ ಕಂಪ್ಯೂಟರು ಮಾಡುತ್ತದೆ, ಭೂಮಾಪಕರ ಮೇಲೆ ಹೊರೆ ಬೀಳುವುದಿಲ್ಲ. ತ್ರಿಭುಜಕ್ಕೆ ಲಂಬ, ಚತುರ್ಭುಜಕ್ಕೆ ಕರ್ಣ ನಕ್ಷೆಯ ಮೇಲೆ ಕಾಣಲಿ. ಹಳೆಯ ದಾಖಲೆಗೂ ಹೊಸ ಅಳತೆಗೂ ವ್ಯತ್ಯಾಸ ಬಂದಾಗ, ಮೊದಲು ಹಳೆಯದರ ಮಿತಿಯನ್ನು ಲೆಕ್ಕ ಹಾಕಿ, ಹೊಸದು ಅದರೊಳಗಿದೆಯೋ ಹೊರಗಿದೆಯೋ ಎಂಬುದನ್ನು ವರದಿಯಲ್ಲಿಯೇ ಹೇಳಿ. ಪತ್ರಬರಹಗಾರರು ಅಡಿ ಅಂಗುಲದಲ್ಲಿ ಅಳೆದದ್ದನ್ನು ಹಾಗೆಯೇ ಬರೆಯಲಿ, ಮೀಟರಿಗೆ ತಂದು ಮತ್ತೆ ಅಡಿಗೆ ತರುವುದು ಬೇಡ. ತರಲೇಬೇಕಾದರೆ ಚಿಲ್ಲರೆಯನ್ನು ಕೊನೆಯ ಹಂತದಲ್ಲಿ ಒಮ್ಮೆ ಮಾತ್ರ ಬಿಡಲಿ.

ಜಿಲ್ಲೆಯ ಗಣಿತ ಶಿಕ್ಷಕ ಮಿತ್ರರಲ್ಲಿಯೂ ಒಂದು ಮಾತು. ಹಿಂದೆ ನಾನು ಒಂಬತ್ತನೆಯ ತರಗತಿಯ ಮಕ್ಕಳನ್ನು ಶಾಲೆಯ ಕೈತೋಟಕ್ಕೆ ಕರೆದೊಯ್ದು, ಒಂದು ಗುಂಪಿಗೆ ಹತ್ತಿರದ ಅಡಿಗೆ, ಇನ್ನೊಂದಕ್ಕೆ ಹತ್ತಿರದ ಅಂಗುಲಕ್ಕೆ ಅಳೆಯಲು ಹೇಳಿದ್ದೆ. ಎರಡು ಗುಂಪುಗಳೂ ತಮ್ಮದೇ ಸರಿ ಎಂದು ವಾದಿಸಿದವು. ಮರುದಿನ ಕನಿಷ್ಠ ಗರಿಷ್ಠ ತೆಗೆದು ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆದಾಗ, ಅಂಗುಲದ ಗುಂಪಿನ ಚಿಕ್ಕ ಗೆರೆ ಅಡಿಯ ಗುಂಪಿನ ಉದ್ದ ಗೆರೆಯೊಳಗೆ ಪೂರ್ತಿ ಅಡಗಿತ್ತು. ಆ ಮಕ್ಕಳಲ್ಲಿ ಕೆಲವರು ಇಂದು ಜಮೀನಿನ ಮಾಲೀಕರು. ಇಂಥ ಒಂದು ಅವಧಿಯನ್ನು ಪ್ರತಿ ಶಾಲೆಯಲ್ಲಿಯೂ ನಡೆಸಲು ಟೇಪೊಂದು ಸಾಕು.

ಆ ದಾಯಾದಿಗಳ ವಿಷಯಕ್ಕೆ ಬಂದರೆ, ನಾನು ಬರೆದುಕೊಟ್ಟ ಲೆಕ್ಕದ ಹಾಳೆಯನ್ನು ಇಬ್ಬರೂ ಓದಿದ್ದಾರೆ. ಎರಡು ಪಟ್ಟಿಗಳ ನಡುವಿನ ಹಳೆಯ ಬದುವಿನ ಒಂದು ಮೂಲೆಯಲ್ಲಿ, ಮಣ್ಣಿನಲ್ಲಿ ಅರ್ಧ ಹೂತ ಬಾಂದು ಕಲ್ಲು ಇದೆ ಎಂದು ಅವರ ಚಿಕ್ಕಮ್ಮ ಹೇಳುತ್ತಾರೆ. ಅದನ್ನು ಇಬ್ಬರ ಎದುರಿಗೂ ತೆಗೆಸಿ ನೋಡುವುದೆಂದು ಒಪ್ಪಿಕೊಂಡಿದ್ದಾರೆ. ಅಲ್ಲಿಯವರೆಗೆ ನೋಟಿಸಿನ ಮುಂದಿನ ಹೆಜ್ಜೆಯನ್ನು ತಡೆಹಿಡಿದಿದ್ದಾರೆ. ಇಲಾಖೆಯವರು ಸಮಯ ಕೊಟ್ಟರೆ ಈ ಪತ್ರದ ಎಲ್ಲ ಲೆಕ್ಕಗಳನ್ನೂ ಬಿಡಿಸಿ ಬರೆದ ಹಾಳೆಗಳೊಂದಿಗೆ ನಾನು ಕಚೇರಿಗೆ ಬರಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ